ಓದುಗರ ಪ್ರಶ್ನೆ: ಹೊರಗಿನಿಂದ ಬಂದ ಕಳೆ, ಕೀಟಗಳ ಸಂಶೋಧನೆಗೆ ರಾಜ್ಯವೇಕೆ ಹಣ ಕೊಡಬೇಕು?

ಪ್ರಶ್ನೆ: ನಾವು ಗೋವಿನಜೋಳ ಬೆಳೆಯುವವರು. ಸೈನಿಕ ಹುಳು ಬಂದ ವರ್ಷ ನಮಗೆ ಬೇಕಾಗಿದ್ದದ್ದು ಸಕಾಲಕ್ಕೆ ಔಷಧಿ. ವಿಶ್ವವಿದ್ಯಾಲಯಗಳಿಗೆ ಸಂಶೋಧನೆಯ ಹೆಸರಿನಲ್ಲಿ ಹಣ ಕೊಡುವ ಬದಲು ಅದೇ ಹಣದಲ್ಲಿ ಸರ್ಕಾರ ರೈತರಿಗೆ ಔಷಧಿ ಹಂಚಿದರೆ ಆಗದೆ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಬೆಳೆ ಕಣ್ಣೆದುರಿಗೇ ಹಾಳಾಗುತ್ತಿರುವಾಗ ರೈತರು ಔಷಧಿ ಕೇಳುವುದು ಸಹಜ; ಆ ಹೊತ್ತಿನಲ್ಲಿ ಅದನ್ನು ಒದಗಿಸುವುದು ಸರ್ಕಾರದ ಕರ್ತವ್ಯವೂ ಹೌದು. ಆದರೆ ಯಾವ ಹುಳುವಿಗೆ ಯಾವ ಔಷಧಿ, ಅದನ್ನು ಯಾವ ಹಂತದಲ್ಲಿ, ಗಿಡದ ಯಾವ ಭಾಗಕ್ಕೆ ಹಾಕಬೇಕು ಎಂಬುದು ಗೊತ್ತಾಗಬೇಕಾದರೆ ಮೊದಲು ಬಂದಿರುವ ಹುಳು ಯಾವುದೆಂದು ಯಾರಾದರೂ ಗುರುತಿಸಿರಬೇಕು. ತಮ್ಮ ಹೊಲಕ್ಕೆ ಬಂದ ಹುಳುವಿನ ವಿಷಯದಲ್ಲಿ ಆ ಕೆಲಸವಾದದ್ದು ನಮ್ಮ ರಾಜ್ಯದಲ್ಲೇ. 2018ರ ಮೇ ತಿಂಗಳಲ್ಲಿ ಶಿವಮೊಗ್ಗ ಭಾಗದ ಮೆಕ್ಕೆಜೋಳದ ಹೊಲಗಳಲ್ಲಿ ಅದುವರೆಗೆ ಕಾಣದಿದ್ದ ಹುಳುವೊಂದು ಸುಳಿಯನ್ನು ಕೊರೆಯುತ್ತಿರುವುದನ್ನು ಗಮನಿಸಿ, ಅದು ಅಮೆರಿಕ ಖಂಡಗಳ ಮೂಲದ ಫಾಲ್ ಸೈನಿಕ ಹುಳು ಎಂದು ಗುರುತಿಸಿದವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ಈ ಕೀಟ ಭಾರತದಲ್ಲಿ ಕಂಡದ್ದು ಅದೇ ಮೊದಲು. ಆಫ್ರಿಕಾದಲ್ಲಿ ಅದು 2016ರಲ್ಲಷ್ಟೇ ಕಾಣಿಸಿಕೊಂಡಿತ್ತು. ನಮ್ಮಲ್ಲಿ ಗುರುತಿಸಿದ ಕೆಲವೇ ತಿಂಗಳಲ್ಲಿ ನೆರೆಯ ರಾಜ್ಯಗಳನ್ನು ಹೊಕ್ಕು, 2019ರ ಆರಂಭದ ಹೊತ್ತಿಗೆ ಚೀನಾವನ್ನೂ ಮುಟ್ಟಿತು. ಇದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರಿನಷ್ಟು ದೂರ ಹಾರಬಲ್ಲದು ಎಂಬುದನ್ನು ನೆನೆದರೆ, ಗುರುತಿಸುವುದು ಒಂದು ಹಂಗಾಮು ತಡವಾಗಿದ್ದರೂ ಏನಾಗುತ್ತಿತ್ತೆಂದು ಊಹಿಸಬಹುದು.

ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ಗೆರೆ, ಬಾಲದ ಕಡೆಗೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆಂದು ರೈತರಿಗೆ ತಿಳಿಸಿದ್ದು, ಅದು ಸುಳಿಯೊಳಗೆ ಅಡಗುವುದರಿಂದ ಎಲೆಯ ಮೇಲೆ ಸಿಂಪಡಿಸಿದರೆ ಸಾಲದು, ಸುಳಿಯೊಳಕ್ಕೇ ದ್ರಾವಣ ಇಳಿಯಬೇಕೆಂದು ಹೇಳಿದ್ದು, ಇವೆಲ್ಲ ಆ ಗುರುತಿಸುವಿಕೆಯ ಬೆನ್ನಿಗೇ ಬಂದ ತಿಳಿವಳಿಕೆ. ಗುರುತು ತಪ್ಪಿದ್ದರೆ ತಾವು ಹಾಕಿದ ಔಷಧಿಯ ಬಹುಪಾಲು ಮಣ್ಣಿಗೆ ಹೋಗುತ್ತಿತ್ತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ. ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ನೊಮೂರಿಯಾ ರಿಲೇಯಿ ಎಂಬ ಶಿಲೀಂಧ್ರದ ಮೇಲೆ ಬಹಳ ಹಿಂದಿನಿಂದಲೇ ಕೆಲಸ ನಡೆದಿತ್ತು. ಎಲೆ ತಿನ್ನುವ ಹುಳುಗಳಿಗೆ ರೋಗ ತಂದು ಕೊಲ್ಲುವ ಈ ಶಿಲೀಂಧ್ರವನ್ನು ಹೇಗೆ ಬೆಳೆಸುವುದು, ಹೊಲದಲ್ಲಿ ಯಾವಾಗ ಬಳಸುವುದು ಎಂದು ಅವರು ಪರೀಕ್ಷಿಸುತ್ತಿದ್ದಾಗ ಸೈನಿಕ ಹುಳು ನಮ್ಮ ದೇಶಕ್ಕೆ ಬಂದೇ ಇರಲಿಲ್ಲ. ಅದು ಬಂದಾಗ ಇದೇ ಶಿಲೀಂಧ್ರ ತಗುಲಿ ಸತ್ತ ಹುಳುಗಳು ಹೊಲಗಳಲ್ಲಿ ಸಿಕ್ಕವು, ಅದನ್ನು ಬೆಳೆಸುವ ಅನುಭವ ನಾಡಿನಲ್ಲಿ ಆಗಲೇ ಸಿದ್ಧವಾಗಿತ್ತು. ಆಪತ್ತು ಬಂದ ಮೇಲೆ ಹಣ ಬಿಡುಗಡೆ ಮಾಡಿ ಇಂತಹ ಅನುಭವವನ್ನು ಕೊಳ್ಳಲು ಸಾಧ್ಯವಿಲ್ಲ. ಔಷಧಿಗೂ ಸಂಶೋಧನೆಗೂ ಹಣ ಬೇಕು. ಒಂದರದನ್ನು ಕಿತ್ತು ಇನ್ನೊಂದಕ್ಕೆ ಕೊಟ್ಟರೆ ಮುಂದಿನ ಹುಳುವಿನ ಹೊತ್ತಿಗೆ ನಾವು ಬರಿಗೈಯಲ್ಲಿ ನಿಂತಿರುತ್ತೇವೆ.

ಪ್ರಶ್ನೆ: ನಮ್ಮ ಸುತ್ತಲಿನ ಕಾಡಿನಲ್ಲಿ ಪ್ರತಿವರ್ಷ ಲಂಟಾನ ಕಡಿಸುತ್ತಾರೆ, ಮರುವರ್ಷ ಅದು ಇನ್ನೂ ದಟ್ಟವಾಗಿ ಬರುತ್ತದೆ. ಇಷ್ಟು ವರ್ಷಗಳಿಂದ ಸಂಶೋಧನೆ ಮಾಡಿದವರು ಕಂಡುಕೊಂಡಿದ್ದೇನು?
(ಚಾಮರಾಜನಗರ ಜಿಲ್ಲೆಯ ಶಿಕ್ಷಕರು)

ಉತ್ತರ: ಕಂಡುಕೊಂಡದ್ದು ಸಾಕಷ್ಟಿದೆ, ಅದು ಕಡಿಯುವವರ ಕೈಗೆ ತಲುಪಿದ್ದು ಕಡಿಮೆ. ತಮ್ಮ ಪ್ರಶ್ನೆಯಲ್ಲಿರುವ ಬೇಸರ ನ್ಯಾಯವಾದದ್ದೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಅಮೆರಿಕ ಖಂಡಗಳ ಉಷ್ಣವಲಯದ ಈ ಗಿಡ 19ನೇ ಶತಮಾನದ ಆರಂಭದಲ್ಲಿ ಹೂದೋಟದ ಅಲಂಕಾರಕ್ಕೆಂದು ಕೊಲ್ಕತ್ತದ ಸಸ್ಯೋದ್ಯಾನಕ್ಕೆ ಬಂದಿತು. ತೋಟಗಾರರು ಬಣ್ಣ ಬಣ್ಣದ ಹೂವಿಗಾಗಿ ತಳಿಗಳನ್ನು ಬೆರೆಸುತ್ತ ಹೋದುದರಿಂದ ಇಂದು ಕಾಡಿನಲ್ಲಿರುವುದು ಒಂದೇ ಬಗೆಯ ಸಸ್ಯವಲ್ಲ, ಹಲವು ಮಿಶ್ರತಳಿಗಳ ಗುಂಪು. 1921ರಲ್ಲಿ ಇದರ ಹಣ್ಣಿನೊಳಗೆ ಬೆಳೆಯುವ ಒಂದು ನೊಣವನ್ನೂ 1941ರಲ್ಲಿ ಎಲೆಯ ರಸ ಹೀರುವ ಒಂದು ತಿಗಣೆಯನ್ನೂ ಹೊರದೇಶದಿಂದ ತರಿಸಿದರೂ ಅವುಗಳಿಂದ ಲಂಟಾನ ಹತೋಟಿಗೆ ಬರದಿರಲು ಈ ಮಿಶ್ರಣವೂ ಒಂದು ಕಾರಣ.

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಅಧ್ಯಯನ ಮಾಡಿದ್ದ ತಾಕುಗಳಿಗೇ 2008ರಲ್ಲಿ ಮತ್ತೆ ಹೋಗಿ ನೋಡಿದರು. ಮೊದಲ ಸಲ ಸುಮಾರು ಶೇ. 40ರಷ್ಟು ತಾಕುಗಳಲ್ಲಿದ್ದ ಲಂಟಾನ ಎರಡನೆಯ ಸಲ ಶೇ. 80ರಷ್ಟರಲ್ಲಿತ್ತು. ಈ ಒಂದು ಹೋಲಿಕೆ ದೊರೆಯಲು ಹನ್ನೊಂದು ವರ್ಷ ಬೇಕಾಯಿತು, ಹಳೆಯ ದಾಖಲೆಯನ್ನು ಜೋಪಾನ ಮಾಡಿದವರೂ ಬೇಕಾಯಿತು. ಅದೇ ಬೆಟ್ಟದ ಸೋಲಿಗರು, ಬೇಸಿಗೆಯ ಆರಂಭದಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ್ದೇ ಲಂಟಾನ ಹಬ್ಬಲು ದಾರಿಯಾಯಿತೆಂದು ಬಹಳ ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಒಣಗಿದ ಎಲೆಯನ್ನಷ್ಟೇ ಸುಡುವ ಆ ಸಣ್ಣ ಬೆಂಕಿ ಎಳೆಯ ಸಸಿಗಳನ್ನು ಕೊಲ್ಲುತ್ತಿತ್ತು. ಪೊದೆ ಬೆಳೆದು ನಿಂತ ಇಂದಿನ ಕಾಡಿಗೆ ಬೆಂಕಿ ಬಿದ್ದರೆ ಅದು ಮರದ ತುದಿಯವರೆಗೂ ಏರುತ್ತದೆ. ಸೋಲಿಗರ ಈ ಮಾತನ್ನು ಪರೀಕ್ಷಿಸಬೇಕಾದರೆ ಅರಣ್ಯ ಇಲಾಖೆ, ವಿಶ್ವವಿದ್ಯಾಲಯ ಮತ್ತು ಸೋಲಿಗರು ಒಟ್ಟಾಗಿ ಆಯ್ದ ತಾಕುಗಳಲ್ಲಿ ಹತ್ತಾರು ವರ್ಷ ಕೆಲಸ ಮಾಡಬೇಕು. ಮೂರು ವರ್ಷಕ್ಕೆ ಮುಗಿಯುವ ಯೋಜನೆಯಿಂದ ಅದು ಆಗುವುದಿಲ್ಲ.

ಕಡಿಯುವ ವಿಧಾನದ ಬಗ್ಗೆ ಹೇಳುವುದಾದರೆ, ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ತೋರಿಸಿಕೊಟ್ಟ ಕ್ರಮವೊಂದಿದೆ. ಗಿಡ ಚಿಗುರುವುದು ಕಾಂಡ ಮತ್ತು ಬೇರು ಕೂಡುವ ಜಾಗದಿಂದ. ಆದ್ದರಿಂದ ನೆಲದ ಮೇಲೆ ಕಡಿಯದೆ, ಆ ಜಾಗಕ್ಕಿಂತ ಕೆಳಗೆ ಮಣ್ಣಿನೊಳಗೆ ತಾಯಿಬೇರನ್ನು ಕತ್ತರಿಸಿ, ಕಿತ್ತ ಗಿಡವನ್ನು ಮತ್ತೆ ಬೇರೂರದಂತೆ ಬುಡ ಮೇಲಾಗಿ ನಿಲ್ಲಿಸಬೇಕು. ಬಳಿಕ ಆ ಜಾಗದಲ್ಲಿ ಸ್ಥಳೀಯ ಹುಲ್ಲು ಬೆಳೆಸಿ, ಹಕ್ಕಿಗಳು ಉದುರಿಸಿದ ಬೀಜದಿಂದ ಹುಟ್ಟುವ ಸಸಿಗಳನ್ನು ಮುಂದಿನ ಮಳೆಗಾಲಗಳಲ್ಲಿ ಕೀಳುತ್ತಿರಬೇಕು. ತಮ್ಮಲ್ಲಿ ಮತ್ತೆ ಮತ್ತೆ ಬರುತ್ತಿದೆಯೆಂದರೆ ಬಹುಶಃ ನೆಲಮಟ್ಟದಲ್ಲಿ ಕಡಿಯುತ್ತಿದ್ದಾರೆ, ಇಲ್ಲವೆ ಕಿತ್ತ ಮೇಲೆ ಆ ಜಾಗವನ್ನು ಯಾರೂ ನೋಡುತ್ತಿಲ್ಲ. ಕಡಿಸುವ ಕೂಲಿಗೆ ಹಣ ಒದಗಿಸುವುದು ಸುಲಭ, ಏಕೆಂದರೆ ಇಷ್ಟು ಹೆಕ್ಟೇರ್ ಮುಗಿಯಿತೆಂದು ವರದಿ ಬರೆಯಬಹುದು. ಐದು ವರ್ಷದ ನಂತರ ಆ ಹೆಕ್ಟೇರಿನಲ್ಲಿ ಏನು ಬೆಳೆದಿದೆ ಎಂದು ನೋಡುವವರಿಗೂ ಅದೇ ಯೋಜನೆಯಲ್ಲಿ ಒಂದು ಪಾಲು ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪೊನ್ನಂಪೇಟೆ ಮತ್ತು ಶಿರಸಿಯ ಅರಣ್ಯ ಮಹಾವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿರಲಾರದು.

ಪ್ರಶ್ನೆ: ಇಂತಹ ಸಂಶೋಧನೆಗೆ ಈಗ ಹಣ ಬರುವುದು ಎಲ್ಲಿಂದ?
(ಬೆಂಗಳೂರಿನ ಪದವಿ ವಿದ್ಯಾರ್ಥಿನಿ)

ಉತ್ತರ: ಕೃಷಿ ವಿಶ್ವವಿದ್ಯಾಲಯಗಳ ಸಿಬ್ಬಂದಿಯ ಸಂಬಳದ ಬಹುಭಾಗವನ್ನು ರಾಜ್ಯ ಸರ್ಕಾರ ಅನುದಾನವಾಗಿ ಕೊಡುತ್ತದೆ. ಕಳೆ ನಿರ್ವಹಣೆ, ಜೈವಿಕ ನಿಯಂತ್ರಣ (ಕಳೆ, ಕೀಟಗಳನ್ನು ಅವುಗಳ ಶತ್ರುಜೀವಿಗಳಿಂದಲೇ ಹತೋಟಿಗೆ ತರುವುದು) ಮುಂತಾದ ವಿಷಯಗಳಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಸಮನ್ವಿತ ಯೋಜನೆಗಳಿವೆ. ವಿಶ್ವವಿದ್ಯಾಲಯಗಳಲ್ಲಿರುವ ಅವುಗಳ ಕೇಂದ್ರಗಳಿಗೆ ಪರಿಷತ್ತು ಶೇ. 75, ರಾಜ್ಯ ಶೇ. 25 ಭರಿಸುತ್ತವೆ. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಮೂಲಕ ಬರುವ ಹಣದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಕೆರೆ, ಗೋಮಾಳ, ರಸ್ತೆಬದಿ ಮತ್ತು ಕಾಡಂಚು. ಬಳ್ಳಾರಿ ಜಾಲಿಯಾಗಲಿ ಕೆರೆ ಮುಚ್ಚುವ ಅಂತರಗಂಗೆಯಾಗಲಿ ಯಾವುದೋ ಒಂದು ಬೆಳೆಯ ಶತ್ರುವಲ್ಲದ ಕಾರಣ ಬೆಳೆವಾರು ಯೋಜನೆಗಳ ಕಣ್ಣಿಗೆ ಬೀಳುವುದು ಕಷ್ಟ. ಈ ಜಾಗಗಳು ರಾಜ್ಯದ ಸುಪರ್ದಿನಲ್ಲಿರುವುದರಿಂದ ಅಲ್ಲಿನ ಸಂಶೋಧನೆಗೆ ರಾಜ್ಯವೇ ಮುಂದಾಗುವುದು ಸರಿಯಾದ ಕ್ರಮ.

ಪ್ರಶ್ನೆ: ಕಳೆ ತಿನ್ನಲೆಂದು ಹೊರದೇಶದ ಕೀಟವನ್ನು ತಂದರೆ ಅದೇ ನಾಳೆ ಬೆಳೆಯನ್ನು ತಿನ್ನುವುದಿಲ್ಲವೆ?
(ಕೊಪ್ಪಳದ ರೈತರು)

ಉತ್ತರ: ಈ ಭಯವನ್ನು ಯಾರೂ ಹಗುರವಾಗಿ ತಳ್ಳಿಹಾಕಬಾರದು. ಕರ್ನಾಟಕ ಇದನ್ನು ಸ್ವತಃ ಅನುಭವಿಸಿದೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡ ಪಾರ್ಥೇನಿಯಂ, ತಮ್ಮ ಭಾಗದವರು ಕಾಂಗ್ರೆಸ್ ಕಸ ಎನ್ನುವ ಗಿಡ, ಆಮದಾದ ಗೋಧಿಯ ಜೊತೆ ಬಂದಿತೆಂದು ನಂಬಲಾಗಿದೆ. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಿಗೆ ತರಿಸಿ, ಪರೀಕ್ಷೆಗಳನ್ನು ನಡೆಸಿ, 1984ರಲ್ಲಿ ಹೊಲಕ್ಕೆ ಬಿಡಲಾಯಿತು. ಕೆಲವು ವರ್ಷಗಳಲ್ಲಿ ಅದು ಬೆಂಗಳೂರಿನ ಸುತ್ತ ಪಾರ್ಥೇನಿಯಂ ಗಿಡಗಳನ್ನು ಬೋಳು ಮಾಡಿತು. ಅಷ್ಟರಲ್ಲಿ ಸೂರ್ಯಕಾಂತಿಯ ಎಲೆಗಳ ಮೇಲೂ ಅದೇ ದುಂಬಿ ಕಂಡು ರೈತರು ಗಾಬರಿಯಾದರು; ಪರಿಶೀಲನೆಗೆ ಸಮಿತಿ ನೇಮಕವಾಗಿ ದುಂಬಿಯನ್ನು ಹೊಸ ಕಡೆಗಳಲ್ಲಿ ಬಿಡುವ ಕೆಲಸ ವರ್ಷಗಟ್ಟಲೆ ನಿಂತಿತು.

ಆಗ ನೆರವಿಗೆ ಬಂದದ್ದು ಮತ್ತಷ್ಟು ಸಂಶೋಧನೆಯೇ. ಪಾರ್ಥೇನಿಯಂ ಗಿಡದ ಪರಾಗ ಗಾಳಿಯಲ್ಲಿ ಹಾರಿ ಪಕ್ಕದ ಸೂರ್ಯಕಾಂತಿಯ ಎಲೆಗಳ ಮೇಲೆ ಕೂತಾಗ, ಆ ಪರಾಗದ ಸೆಳೆತಕ್ಕೆ ದುಂಬಿ ಎಲೆಯನ್ನು ಕಡಿಯುತ್ತದೆಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಸೂರ್ಯಕಾಂತಿ ಅದರ ಸಹಜ ಆಹಾರವಲ್ಲ. ಇಂದು ಆ ದುಂಬಿ ದೇಶದ ಹಲವು ರಾಜ್ಯಗಳಲ್ಲಿ ತಾನಾಗಿಯೇ ಹರಡಿದೆ. ಹಾಗೆಂದು ಪಾರ್ಥೇನಿಯಂ ಮುಗಿದಿಲ್ಲ, ಏಕೆಂದರೆ ದುಂಬಿ ಮಳೆಗಾಲದಲ್ಲಿ ಚುರುಕಾಗಿದ್ದು ಒಣಹವೆಯಲ್ಲಿ ಮಣ್ಣಿನೊಳಗೆ ಸೇರಿ ನಿಷ್ಕ್ರಿಯವಾಗುತ್ತದೆ; ಕಳೆಯ ಬೀಜಕ್ಕೆ ಅಂತಹ ಬಿಡುವು ಬೇಕಿಲ್ಲ. ಕೀಟವನ್ನು ಬಿಟ್ಟ ದಿನಕ್ಕೆ ಸಂಶೋಧನೆ ಮುಗಿಯಿತೆಂದು ಹಣ ನಿಲ್ಲಿಸಿದ್ದರೆ ಸೂರ್ಯಕಾಂತಿಯ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ. ಬಿಡುವ ಮೊದಲಿನ ಪರೀಕ್ಷೆಗೆ ಎಷ್ಟು ಹಣವೋ ಬಿಟ್ಟ ನಂತರದ ನಿಗಾಕ್ಕೂ ಅಷ್ಟೇ ಇರಬೇಕು.

ಯಶಸ್ಸಿನ ಕಡೆಗೂ ಒಂದು ಉದಾಹರಣೆ ಹೇಳಬೇಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪರಂಗಿಯ ಬಿಳಿ ಹಿಟ್ಟು ತಿಗಣೆ ಹಿಪ್ಪುನೇರಳೆ ತೋಟಗಳನ್ನೂ ಹೊಕ್ಕು ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ತಂದ ಒಂದು ಪುಟ್ಟ ಪರತಂತ್ರ ಕಣಜ (ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಕೀಟ) ಅದನ್ನು ಬಹುಬೇಗ ಹತೋಟಿಗೆ ತಂದಿತು. ತರಿಸಿ ಪರೀಕ್ಷಿಸಿದ್ದು ಬೆಂಗಳೂರಿನ ಕೇಂದ್ರೀಯ ಸಂಸ್ಥೆ; ಅದನ್ನು ಬೆಳೆಸಿ ರೈತರವರೆಗೆ ಒಯ್ಯುವುದರಲ್ಲಿ ಕೃಷಿ ವಿಶ್ವವಿದ್ಯಾಲಯಗಳೂ ಕೈಜೋಡಿಸಿದವು.

ಪ್ರಶ್ನೆ: ನಾನಿರುವ ಮಿನ್ನೆಸೋಟ ರಾಜ್ಯದಲ್ಲಿ ವಿಶ್ವವಿದ್ಯಾಲಯದ ಕೇಂದ್ರವೊಂದು ಈ ಕೆಲಸವನ್ನೇ ಮಾಡುತ್ತದೆ. ಕರ್ನಾಟಕದಲ್ಲಿ ಅಂತಹುದು ಸಾಧ್ಯವೆ?
(ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು)

ಉತ್ತರ: ಸಾಧ್ಯ, ಮತ್ತು ಅಲ್ಲಿಂದ ಕಲಿಯಬೇಕಾದದ್ದು ಹಣದ ಮೊತ್ತಕ್ಕಿಂತ ಹಣದ ಮೂಲ. ಮಿನ್ನೆಸೋಟದವರು 1988ರಲ್ಲಿ ತಮ್ಮ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು ಪರಿಸರ ನಿಧಿಯೊಂದನ್ನು ಸ್ಥಾಪಿಸಿದರು. ರಾಜ್ಯ ಲಾಟರಿಯ ಆದಾಯದ ಒಂದು ಪಾಲು ಅದಕ್ಕೆ ಸೇರುತ್ತದೆ. 2024ರಲ್ಲಿ ಮತದಾರರು ಆ ಏರ್ಪಾಡನ್ನು ಮುಂದುವರಿಸಲು ಒಪ್ಪಿಗೆ ಕೊಟ್ಟರು. ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಮತ್ತು ಹೊರಗಿನ ಕಾರ್ಪ್ ಮೀನುಗಳ ಕಾಟ ಹೆಚ್ಚಿದಾಗ, 2012ರಲ್ಲಿ ವಿಶ್ವವಿದ್ಯಾಲಯದಲ್ಲಿ ಜಲ ಆಕ್ರಮಣಕಾರಿ ಪ್ರಭೇದಗಳ ಸಂಶೋಧನಾ ಕೇಂದ್ರವೂ 2014ರಲ್ಲಿ ನೆಲದ ಕಳೆ, ಕೀಟಗಳಿಗಾಗಿ ಇನ್ನೊಂದು ಕೇಂದ್ರವೂ ರಾಜ್ಯದ ಹಣದಿಂದಲೇ ಆರಂಭವಾದವು. ಜಿಲ್ಲಾಮಟ್ಟದ ಆಡಳಿತಗಳಿಗೆ ತಡೆಗಟ್ಟುವ ಕೆಲಸಕ್ಕೆಂದು ಪ್ರತಿವರ್ಷ ಪ್ರತ್ಯೇಕವಾಗಿ ಹಣ ಹೋಗುತ್ತದೆ. ಸಾಮಾನ್ಯ ಜನರಿಗೂ ತರಬೇತಿ ಕೊಟ್ಟು ಸರೋವರಗಳಲ್ಲಿ ಹೊಸ ಸಸ್ಯಗಳನ್ನು ಹುಡುಕಿಸುತ್ತಾರೆ.

ನಮ್ಮಲ್ಲಿ ಲಾಟರಿ 2007ರಿಂದ ನಿಷೇಧವಾಗಿದೆ, ಅದನ್ನು ಮರಳಿ ತರಬೇಕಾದ ಅಗತ್ಯವೂ ಇಲ್ಲ. ಪ್ರತಿ ಬಜೆಟ್ಟಿನಲ್ಲೂ ಹೊಸದಾಗಿ ಬೇಡಬೇಕಾಗದಂತಹ, ಕನಿಷ್ಠ ಹತ್ತು ವರ್ಷ ಖಾತ್ರಿಯಿರುವ ಒಂದು ನಿಧಿ ಸಾಕು. ಕೃಷಿ, ತೋಟಗಾರಿಕೆ, ಅರಣ್ಯ, ಮೀನುಗಾರಿಕೆ ಇಲಾಖೆಗಳು ಅದಕ್ಕೆ ಒಂದಿಷ್ಟು ಪಾಲು ಕೊಡಲಿ. ಅದರ ಫಲಿತಾಂಶ ಕನ್ನಡದಲ್ಲಿ, ಸೋತ ಪ್ರಯೋಗಗಳ ವಿವರವೂ ಸೇರಿ, ಎಲ್ಲರಿಗೂ ಸಿಗುವಂತಿರಲಿ.

ಪ್ರಶ್ನೆ: ಇದುವರೆಗೆ ಕಾಣದ ಹುಳು ಅಥವಾ ಗಿಡ ನಮ್ಮ ಜಮೀನಿನಲ್ಲಿ ಕಂಡರೆ ಏನು ಮಾಡಬೇಕು?
(ದಾವಣಗೆರೆಯ ಓದುಗರು)

ಉತ್ತರ: ಹುಳು, ಅದು ತಿಂದ ಎಲೆ ಮತ್ತು ಗಿಡದ ಪೂರ್ಣ ನೋಟ, ಈ ಮೂರನ್ನೂ ಹತ್ತಿರದಿಂದ ಚಿತ್ರ ತೆಗೆದು, ಊರು ಮತ್ತು ದಿನಾಂಕ ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಅವರು ಮಾದರಿ ಕೇಳಿದರೆ ಹುಳುವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕೊಡಿ. ಜೀವಂತ ಹುಳು, ಬೀಜ, ತೆನೆಗಳನ್ನು ತೋರಿಸಲೆಂದು ಬೇರೆ ಊರಿಗೆ ಬಿಡಿಯಾಗಿ ಒಯ್ಯಬೇಡಿ. ಗುರುತು ತಿಳಿಯುವವರೆಗೆ ಕಂಡ ಕಂಡ ಔಷಧಿಗಳನ್ನು ಬೆರೆಸಿ ಸಿಂಪಡಿಸುವುದೂ ಬೇಡ.