ಅಮೆರಿಕದ ಕಾಲೇಜು ಕ್ರೀಡಾ ಆಡಳಿತದಲ್ಲಿ ಕೆಲಸ ಬೇಕೆಂದರೆ ಯಾವ ಸ್ನಾತಕೋತ್ತರ ಪದವಿ ಓದಬೇಕು?

ಬಿ.ಕಾಂ. ಆಗಿದೆ, ವಿಶ್ವವಿದ್ಯಾಲಯದ ವಾಲಿಬಾಲ್ ತಂಡದಲ್ಲಿ ಆಡಿದ್ದೀರಿ. ಸ್ಪೋರ್ಟ್ ಮ್ಯಾನೇಜ್‌ಮೆಂಟ್ ಎಂ.ಎಸ್. ಮಾಡಲೋ, ಎಂ.ಬಿ.ಎ. ಮಾಡಲೋ, ಎಲ್ಲಿ ಮಾಡಲಿ ಎಂದು ಕೇಳಿದ್ದೀರಿ. ಪದವಿಯ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ರಂಗದಲ್ಲಿ ಕೆಲಸ ಕೊಡುವವರು ಮೊದಲು ನೋಡುವುದು, ಓದುವಾಗ ನೀವು ಯಾವ ಅಥ್ಲೆಟಿಕ್ಸ್ ವಿಭಾಗದಲ್ಲಿ ಯಾವ ಮೇಜಿನಲ್ಲಿ ಕೂತು ಕೆಲಸ ಮಾಡಿದಿರಿ ಎಂಬುದನ್ನು. ಅದಕ್ಕೆ ಅಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್ ಅನ್ನುತ್ತಾರೆ, ಬಾಯಿಮಾತಿನಲ್ಲಿ ಜಿಎ. ಜಿಎ ಕೊಡುವ ಸಾಧಾರಣ ವಿಶ್ವವಿದ್ಯಾಲಯ, ಜಿಎ ಕೊಡದ ಹೆಸರಾಂತ ವಿಶ್ವವಿದ್ಯಾಲಯಕ್ಕಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಸರೂ ಬೇಕೆಂದರೆ, ಈ ವಿಷಯದ ಮೊದಲ ಸ್ನಾತಕೋತ್ತರ ಕೋರ್ಸ್ 1966ರಲ್ಲಿ ಒಹಾಯೊ ಯೂನಿವರ್ಸಿಟಿಯಲ್ಲಿ ಶುರುವಾಯಿತು. ಇದು ಅಥೆನ್ಸ್ ಊರಿನದು. ಒಹಾಯೊ ಸ್ಟೇಟ್ ಬೇರೆ, ಅರ್ಜಿ ಹಾಕುವಾಗ ಗೊಂದಲ ಬೇಡ. ಆಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ್ದೂ ಹಳೆಯ ಕೋರ್ಸೇ. ಈಗಂತೂ ಇಂಥ ಕೋರ್ಸ್‌ಗಳಿಗೆ ಲೆಕ್ಕವಿಲ್ಲ, ಎಷ್ಟೋ ಪೂರ್ತಿ ಆನ್‌ಲೈನ್. ಆನ್‌ಲೈನ್ ಕೋರ್ಸ್‌ಗೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ತರಗತಿಯ ಕೋರ್ಸ್‌ನಲ್ಲೂ ಒಂದು ಸೆಮಿಸ್ಟರಿಗೆ ಒಂದೇ ಆನ್‌ಲೈನ್ ವಿಷಯ, ಅಂದರೆ 3 ಕ್ರೆಡಿಟ್, ಪೂರ್ಣಾವಧಿ ಓದಿನ ಲೆಕ್ಕಕ್ಕೆ ಬರುತ್ತದೆ.

ಜಿಎ ಎಂದರೆ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಕೆಲಸ. ಪ್ರತಿಯಾಗಿ ಬೋಧನಾ ಶುಲ್ಕ ಮಾಫಿ, ಜೊತೆಗೊಂದಿಷ್ಟು ಸ್ಟೈಪೆಂಡ್. ನಮ್ಮವರು ಎಡವುವುದು ಇಲ್ಲೇ. ಪ್ರವೇಶದ ಅರ್ಜಿ ಒಂದು, ಜಿಎ ಅರ್ಜಿ ಇನ್ನೊಂದು. ಸೀಟು ಕೊಡುವುದು ಶೈಕ್ಷಣಿಕ ವಿಭಾಗ, ಜಿಎ ಕೊಡುವುದು ಹೆಚ್ಚಿನ ಕಡೆ ಅಥ್ಲೆಟಿಕ್ಸ್ ವಿಭಾಗ. ಸೀಟು ಸಿಕ್ಕಿತೆಂದು ಮುಂಗಡ ಕಟ್ಟಿ, ಜಿಎ ತಾನಾಗಿಯೇ ಬರುತ್ತದೆಂದು ಕೂತರೆ ಬರುವುದಿಲ್ಲ. ಆಗಸ್ಟ್‌ನಲ್ಲಿ ಶುರುವಾಗುವ ಹುದ್ದೆಗಳು ಬಹುಪಾಲು ಫೆಬ್ರುವರಿಯಿಂದ ಮೇ ಒಳಗೆ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆ) ಮಾರ್ಕೆಟ್, ಟೀಮ್‌ವರ್ಕ್ ಆನ್‌ಲೈನ್‌ನಂಥ ತಾಣಗಳಲ್ಲಿ ಕಾಣಿಸಿಕೊಳ್ಳುತ್ತವೆ. ವೀಸಾ ಅರ್ಜಿಗೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಬರಬೇಕಾದರೆ ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣ ತೋರಿಸಬೇಕು. ಜಿಎ ಪತ್ರ ಮೇ ತಿಂಗಳಲ್ಲಿ ಕೈಸೇರಿದರೆ ಐ-20 ತಿದ್ದಿಸಿ ವೀಸಾ ಸಂದರ್ಶನ ಹಿಡಿಯುವಷ್ಟರಲ್ಲಿ ತರಗತಿ ಬಾಗಿಲಿಗೆ ಬಂದಿರುತ್ತದೆ. ಆದ್ದರಿಂದ ಜನವರಿಯಲ್ಲೇ ಕೋರ್ಸಿನ ನಿರ್ದೇಶಕರಿಗೆ ಮೇಲ್ ಹಾಕಿ, ನೇರವಾಗಿ ಕೇಳಿ: ಕಳೆದ ಬ್ಯಾಚಿನಲ್ಲಿ ಎಷ್ಟು ಜನರಿಗೆ ಜಿಎ ಸಿಕ್ಕಿತು, ಅವರಲ್ಲಿ ಎಫ್-1ನವರು ಎಷ್ಟು, ಮಾಫಿ ಎಷ್ಟು ಕ್ರೆಡಿಟ್‌ಗೆ, ಇತರ ಶುಲ್ಕ ಮತ್ತು ಆರೋಗ್ಯ ವಿಮೆ ಯಾರ ತಲೆಗೆ, ಬೇಸಿಗೆಯಲ್ಲಿ ಸ್ಟೈಪೆಂಡ್ ಉಂಟೇ. ಕೊನೆಯೆರಡಕ್ಕೆ ಉತ್ತರ ಬಹುತೇಕ ನಿಮ್ಮ ಜೇಬಿನ ವಿರುದ್ಧವೇ ಇರುತ್ತದೆ, ಮೊದಲೇ ಲೆಕ್ಕ ಹಾಕಿಕೊಳ್ಳಿ.

ತರಗತಿ ನಡೆಯುವಾಗ ಎಫ್-1ನವರು ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಶನಿವಾರ ಫುಟ್‌ಬಾಲ್ ಪಂದ್ಯವಿದ್ದರೆ ಬೆಳಗ್ಗೆ ಗೇಟು ತೆರೆಯುವುದರಿಂದ ರಾತ್ರಿ ದೀಪ ಆರಿಸುವವರೆಗೆ 12 ಗಂಟೆ ಸಲೀಸಾಗಿ ಹೋಗುತ್ತದೆ. ಉಳಿದದ್ದು 8. ಅಮೆರಿಕದ ಸಹಪಾಠಿಗಳು 30 ಗಂಟೆ ನಿಂತು ಮೇಲಿನವರ ಕಣ್ಣಿಗೆ ಬೀಳುತ್ತಾರೆ, ನೀವು ಹಾಗೆ ಮಾಡಿದರೆ ವೀಸಾಕ್ಕೇ ಕುತ್ತು. ‘ಉಳಿದದ್ದು ಸ್ವಯಂಸೇವೆ’ ಎಂದು ಬರೆದುಕೊಳ್ಳುವ ಜಾಣತನವೂ ಬೇಡ. ಸಂಬಳದ ಕೆಲಸವನ್ನೇ ಬಿಟ್ಟಿ ಮಾಡಿದರೆ ಅದೂ ಕೆಲಸವೇ.

ಹಾಗಾದರೆ ಯಾವ ಮೇಜು? ಟಿಕೆಟ್, ಪಂದ್ಯ ನಿರ್ವಹಣೆ, ಮಾಧ್ಯಮ, ದೇಣಿಗೆ ಸಂಗ್ರಹ, ಲೆಕ್ಕಪತ್ರ, ಆಟಗಾರರ ಓದಿನ ಸಲಹೆ, ಕಂಪ್ಲಯನ್ಸ್ ಎಂದು ಹಲವಿವೆ. ಬಿ.ಕಾಂ. ಓದಿದವರಿಗೆ ಲೆಕ್ಕಪತ್ರ ಅಥವಾ ಕಂಪ್ಲಯನ್ಸ್ ಎನ್ನುತ್ತೇನೆ. ಕಂಪ್ಲಯನ್ಸ್ ಎಂದರೆ ಎನ್‌ಸಿಎಎ ನಿಯಮ ಕಾಯುವ ಕೆಲಸ. ಅದರ ಅತಿ ಮೇಲಿನ ಶ್ರೇಣಿಯಾದ ಡಿವಿಷನ್ 1ರ ಒಂದು ನಿಯಮ ನೋಡಿ: ಮೂರನೇ ವರ್ಷ ಶುರುವಾಗುವಾಗ ಆಟಗಾರ್ತಿ ತನ್ನ ಪದವಿಯ 40%, ನಾಲ್ಕನೇ ವರ್ಷಕ್ಕೆ 60%, ಐದನೆಯದಕ್ಕೆ 80% ಮುಗಿಸಿರಬೇಕು. 120 ಕ್ರೆಡಿಟ್‌ನ ಪದವಿಯಾದರೆ 48, 72, 96. ಆಕೆ 66 ಕ್ರೆಡಿಟ್ ಪಾಸಾಗಿ, ಎರಡನೇ ವರ್ಷದ ಕೊನೆಗೆ ಮುಖ್ಯ ವಿಷಯ ಬದಲಿಸಿದಳೆನ್ನಿ. ಹೊಸ ವಿಷಯಕ್ಕೆ ಅದರಲ್ಲಿ 45 ಮಾತ್ರ ಸಲ್ಲುತ್ತವೆ. 3 ಕ್ರೆಡಿಟ್ ಕಡಿಮೆ, ಅಂಗಳಕ್ಕಿಳಿಯುವಂತಿಲ್ಲ. ಇದನ್ನು ಆಗಸ್ಟ್‌ನಲ್ಲಿ ಕಂಡುಹಿಡಿದರೆ ಕೋಚ್ ಕೂಗಾಡುತ್ತಾರೆ, ಏಪ್ರಿಲ್‌ನಲ್ಲಿ ಹಿಡಿದರೆ ಬೇಸಿಗೆ ತರಗತಿಗೆ ಸೇರಿಸಿ ಉಳಿಸಬಹುದು. ಇನ್ನೊಂದು, ಅಭ್ಯಾಸದ ಗಂಟೆ: ಋತುವಿನಲ್ಲಿ ದಿನಕ್ಕೆ 4, ವಾರಕ್ಕೆ 20, ವಾರದಲ್ಲಿ ಒಂದು ದಿನ ರಜೆ. ಪಂದ್ಯದ ದಿನ ಆಟ ಎಷ್ಟು ಹೊತ್ತು ನಡೆದರೂ ಲೆಕ್ಕಕ್ಕೆ 3 ಗಂಟೆ. ಇಂಥದ್ದರಲ್ಲಿ ನಿಮಗೆ ರುಚಿ ಹುಟ್ಟುತ್ತದೋ ಇಲ್ಲವೋ ತಿಳಿಯಲು ದುಡ್ಡು ಬೇಕಿಲ್ಲ. ಡಿವಿಷನ್ 1 ಮ್ಯಾನುಯಲ್ ಉಚಿತವಾಗಿ ಸಿಗುತ್ತದೆ, 12ರಿಂದ 17ನೇ ಬೈಲಾವರೆಗೆ ಓದಿ. ನಿದ್ದೆ ಬಂದರೆ ಬೇರೆ ಮೇಜು ನೋಡಿಕೊಳ್ಳಿ.

ಕಂಪ್ಲಯನ್ಸ್‌ಗೆ ಒಲವು ತೋರಲು ಇನ್ನೊಂದು ಕಾರಣ ವೀಸಾ. ಪದವಿಯ ನಂತರ ಒಪಿಟಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡಲು ಎಫ್-1ನವರಿಗೆ ಸಿಗುವ ಅನುಮತಿ, 12 ತಿಂಗಳು, ಅಷ್ಟೇ. ಕೋರ್ಸಿನ ವಿಷಯ ಗುರುತಿಸುವ ಸಿಐಪಿ ಕೋಡ್ ಕ್ರೀಡಾ ಆಡಳಿತಕ್ಕೆ 31.0504, ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ; 24 ತಿಂಗಳ ವಿಸ್ತರಣೆ ಸಿಗದು. ಕೋರ್ಸಿನ ಹೆಸರಲ್ಲಿ ‘ಅನಲಿಟಿಕ್ಸ್’ ಇದ್ದ ಮಾತ್ರಕ್ಕೆ ನಂಬಬೇಡಿ, ಕೋಡ್ ಕೇಳಿ. ಮೇ ತಿಂಗಳಲ್ಲಿ ಪದವಿ ಮುಗಿಯುವುದಾದರೆ ಒಪಿಟಿ ಅರ್ಜಿಯನ್ನು 90 ದಿನ ಮೊದಲೇ ಹಾಕಬಹುದು, ಫೆಬ್ರುವರಿಯಲ್ಲೇ ಹಾಕಿ. ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ.

ಆಮೇಲೆ ಎಚ್-1ಬಿ, ಅಂದರೆ ಉದ್ಯೋಗ ವೀಸಾ. ಖಾಸಗಿ ಕಂಪನಿಗಳ ಅರ್ಜಿಗಳನ್ನು ಲಾಟರಿ ಎತ್ತಿ ಆರಿಸುತ್ತಾರೆ; ವಿಶ್ವವಿದ್ಯಾಲಯಗಳಿಗೆ ಆ ಲಾಟರಿ ಇಲ್ಲ, ವರ್ಷದ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಐಟಿಯವರು ಹೊಟ್ಟೆಕಿಚ್ಚು ಪಡುವಂಥ ಅನುಕೂಲ. ಆದರೆ ಆ ಹುದ್ದೆಗೆ ನಿರ್ದಿಷ್ಟ ವಿಷಯದ ಪದವಿ ಅಗತ್ಯ ಎಂದು ತೋರಿಸಬೇಕು. ಟಿಕೆಟ್ ಮಾರಾಟಕ್ಕೆ ಅದನ್ನು ತೋರಿಸುವುದು ಕಷ್ಟ. ಕಂಪ್ಲಯನ್ಸ್, ಲೆಕ್ಕಪತ್ರಕ್ಕೆ ಅಷ್ಟು ಕಷ್ಟವಲ್ಲ. ಜಾಹೀರಾತು, ಪ್ರಾಯೋಜಕತ್ವದ ಕೆಲಸವನ್ನು ಲಿಯರ್‌ಫೀಲ್ಡ್‌ನಂಥ ಖಾಸಗಿ ಕಂಪನಿಗೆ ವಹಿಸಿರುವ ಕಡೆ, ಕೂರುವುದು ಸ್ಟೇಡಿಯಂನಲ್ಲೇ ಆದರೂ ನಿಮ್ಮ ಮಾಲೀಕರು ಕಂಪನಿ. ಆಗ ಲಾಟರಿಯೇ ಗತಿ. 2025ರ ಸೆಪ್ಟೆಂಬರ್‌ನಲ್ಲಿ ಬಂದ 1 ಲಕ್ಷ ಡಾಲರ್ ಶುಲ್ಕ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗೆ ಬೀಳುವಂಥದ್ದು, ಆದ್ದರಿಂದ ಊರಿಗೆ ಬಂದು ಕಾಯುತ್ತೇನೆಂಬ ಯೋಚನೆ ದುಬಾರಿ.

ಎಂ.ಬಿ.ಎ.ಗೆ ಈಗ ಬೆಲೆ ಹೆಚ್ಚುತ್ತಿದೆ ಎಂಬ ಮಾತಿನಲ್ಲಿ ಹುರುಳಿದೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ‘ಹೌಸ್’ ಒಪ್ಪಂದದ (ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯ ರಾಜಿ) ನಂತರ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು; 2025-26ಕ್ಕೆ ಮಿತಿ ಸುಮಾರು 2.05 ಕೋಟಿ ಡಾಲರ್. ದೊಡ್ಡ ಕಾಲೇಜುಗಳಿಗೆ ಈ ಹಣ ಹಂಚುವ, ಕರಾರು ನೋಡುವ ಜನ ಬೇಕು. ಅದೇ ಹಣ ಹೊಂದಿಸಲು ಬೇರೆ ಮೇಜುಗಳಿಗೆ ಕತ್ತರಿ ಬೀಳುವುದೂ ಉಂಟು. ಜಿಎ ಜೊತೆಗೆ ಎಂ.ಬಿ.ಎ. ಸಿಕ್ಕರೆ ಅದನ್ನೇ ಹಿಡಿಯಿರಿ.

ನಿಮ್ಮದು 3 ವರ್ಷದ ಬಿ.ಕಾಂ. ಆದರೆ ಅದನ್ನು ಒಪ್ಪುತ್ತಾರೆಯೇ ಎಂದು ಅರ್ಜಿ ಶುಲ್ಕ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ. ಕೆಲವರು 4 ವರ್ಷವೇ ಬೇಕೆನ್ನುತ್ತಾರೆ, ಕೆಲವರಿಗೆ ಅಂಕಪಟ್ಟಿಯ ಮೌಲ್ಯಮಾಪನ ಸಾಕು.

ವಾಪಸ್ ಬಂದು ಇಲ್ಲಿನ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗುವ ಆಸೆಯೂ ಇದ್ದರೆ, ಈ ಪದವಿಯನ್ನು ನೆಚ್ಚಿಕೊಳ್ಳಬೇಡಿ. 2018ರ ಯುಜಿಸಿ ನಿಯಮ ಕೇಳುವುದು ದೈಹಿಕ ಶಿಕ್ಷಣ ಅಥವಾ ಕ್ರೀಡಾ ವಿಜ್ಞಾನದ ಸ್ನಾತಕೋತ್ತರ ಪದವಿ, 55% ಅಂಕ, ಜೊತೆಗೆ ನೆಟ್, ಸ್ಲೆಟ್ ಅಥವಾ ಪಿಎಚ್.ಡಿ. ದೈಹಿಕ ಸಾಮರ್ಥ್ಯ ಪರೀಕ್ಷೆ ಬೇರೆ ಇದೆ: 30 ವರ್ಷದೊಳಗಿನ ಪುರುಷರಾದರೆ 12 ನಿಮಿಷದಲ್ಲಿ 1800 ಮೀಟರ್.