ಬ್ಯಾನ್ ಆದ ಪ್ರೊಫೆಸರ್

ಪ್ರಶ್ನೆ: ಪೊಲಿಟಿಕಲ್ ಸೈನ್ಸ್ ಎಂಎ ಮುಗೀತಾ ಬಂತು, ಐಡೆಂಟಿಟಿ ಮೇಲೆ ಪಿಎಚ್‌ಡಿ ಮಾಡೋ ಆಸೆ. ಕ್ಲಾಸಲ್ಲಿ ರಾಷ್ಟ್ರವಾದದ ಬಗ್ಗೆ ಬರೆದ ಬೆನೆಡಿಕ್ಟ್ ಆಂಡರ್ಸನ್ ಹೆಸರು ಪದೇಪದೇ ಬರುತ್ತೆ. ಇಂಡೋನೇಷ್ಯಾ ಮೇಲೆ ಕೆಲಸ ಮಾಡಿದ ಅವರನ್ನ ಆ ದೇಶವೇ ಬ್ಯಾನ್ ಮಾಡ್ತಂತೆ. ಆಮೇಲೂ ಅಷ್ಟು ದೊಡ್ಡ ಹೆಸರು ಹೆಂಗೆ ಬಂತು?
– ಓದುಗರೊಬ್ಬರು, ಧಾರವಾಡ

ಉತ್ತರ: ಬ್ಯಾನ್ ಆಗಿದ್ದು ನಿಜ, 1972ರಲ್ಲಿ. 1998ರಲ್ಲಿ ಅಲ್ಲಿನ ಸರ್ವಾಧಿಕಾರಿ ಸುಹಾರ್ತೋ ಇಳಿಯೋವರೆಗೂ ಒಳಗೆ ಬಿಡ್ಲಿಲ್ಲ. ಆಗಿದ್ದೇನಂದ್ರೆ 1965ರ ಅಕ್ಟೋಬರ್ 1ರ ಬೆಳಗಿನ ಜಾವ ಜಕಾರ್ತಾದಲ್ಲಿ ಆರು ಜನರಲ್‌ಗಳನ್ನ ಎಳ್ಕೊಂಡು ಹೋದ್ರು, ಅವರ ಕೊಲೆ ಆಯ್ತು, ಕಮ್ಯುನಿಸ್ಟರೇ ಮಾಡಿಸಿದ್ದು ಅಂತ ಸೈನ್ಯ ಲಕ್ಷಾಂತರ ಜನರ ಮಾರಣಹೋಮ ನಡೆಸ್ತು. ಆಂಡರ್ಸನ್ ಮತ್ತೆ ಸಹ ಸಂಶೋಧಕಿ ರೂತ್ ಮೆಕ್‌ವೇ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಕೂತು ಇಂಡೋನೇಷ್ಯಾದ ನ್ಯೂಸ್‌ಪೇಪರ್‌ಗಳನ್ನೆಲ್ಲ ಜಾಲಾಡಿ, ಜನರಲ್‌ಗಳ ಕೊಲೆಯ ಮೂಲ ಸೈನ್ಯದ ಒಳಜಗಳ ಅಂತ 1966ರ ಜನವರಿಯಲ್ಲೇ ಬರೆದ್ರು. ಬ್ಯಾನ್ ಆಗಿದ್ದು ಇದಕ್ಕೇ. ಆಗಿನ್ನೂ ಆಂಡರ್ಸನ್‌ಗೆ ಪಿಎಚ್‌ಡಿ ಸಿಕ್ಕಿರ್ಲಿಲ್ಲ! ನನ್ನ ಪ್ರಕಾರ ಅವರ ಇಡೀ ಕರಿಯರ್‌ನಲ್ಲಿ ಇದಕ್ಕಿಂತ ಧೈರ್ಯದ ಕೆಲಸ ಇನ್ನೊಂದಿಲ್ಲ.

ಹುಟ್ಟಿದ್ದು 1936ರಲ್ಲಿ ಚೀನಾದ ಕುನ್‌ಮಿಂಗ್‌ನಲ್ಲಿ, ಅಪ್ಪ ಐರಿಷ್, ಕೇಂಬ್ರಿಜ್‌ನಲ್ಲಿ ಓದಿದ್ದು ಗ್ರೀಕ್ ಲ್ಯಾಟಿನ್. ಇಂಡೋನೇಷಿಯನ್, ಜಾವಾನೀಸ್ ಆಮೇಲೆ ಕಲಿತಿದ್ದು. ಬ್ಯಾನ್ ಆದ್ಮೇಲೆ ಕೈಕಟ್ಟಿ ಕೂರದೆ ಥಾಯ್ ಕಲಿತು ಬ್ಯಾಂಕಾಕ್‌ಗೆ ಹೋದ್ರು, ಮುಂದೆ ಫಿಲಿಪೀನ್ಸ್‌ಗಾಗಿ ಟಗಾಲೊಗ್, ಅಲ್ಲಿನ ರಾಷ್ಟ್ರವಾದಿ ಕಾದಂಬರಿಕಾರ ಹೊಸೆ ರಿಸಾಲ್‌ನ ಮೂಲದಲ್ಲೇ ಓದೋಕೆ ಸ್ಪ್ಯಾನಿಷ್. ಒಂದೇ ದೇಶ ಗೊತ್ತಿದ್ದವರಿಗೆ ಹೀಗೆ ಹೋಲಿಸಿ ನೋಡೋದು ಅಭ್ಯಾಸ ಆಯ್ತು. 1978–79ರಲ್ಲಿ ವಿಯೆಟ್ನಾಂ, ಕಾಂಬೋಡಿಯಾ, ಚೀನಾ ಮೂರೂ ಕಮ್ಯುನಿಸ್ಟ್ ದೇಶಗಳೇ ಹೊಡೆದಾಡ್ಕೊಂಡಾಗ, ರಾಷ್ಟ್ರ ಅನ್ನೋ ಭಾವನೆಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಅಂತ ಕೇಳ್ಕೊಂಡು ಬರೆದಿದ್ದೇ ಆ ದೊಡ್ಡ ಹೆಸರು ತಂದ 1983ರ ಪುಸ್ತಕ ‘ಇಮ್ಯಾಜಿನ್ಡ್ ಕಮ್ಯೂನಿಟೀಸ್’, ಅಂದ್ರೆ ಕಲ್ಪಿತ ಸಮುದಾಯಗಳು.

ಅವರ ವಾದ ಇಷ್ಟು: ಜೀವನದಲ್ಲಿ ಒಮ್ಮೆಯೂ ಭೇಟಿ ಆಗದ ಸಾವಿರಾರು ಜನ ಒಂದೇ ಭಾಷೆಯ ಅದೇ ಪೇಪರನ್ನ ಅದೇ ದಿನ ಓದ್ತಾ ಓದ್ತಾ ನಾವೆಲ್ಲ ಒಂದು ಅನ್ಕೊಳ್ಳೋಕೆ ಶುರು ಮಾಡ್ತಾರೆ. ಮಂಗಳೂರಲ್ಲಿ ಜರ್ಮನ್ ಮಿಷನರಿ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ್ರು, 1956ರಲ್ಲಿ ಕನ್ನಡ ನಾಡು ಒಂದಾಯ್ತು, ನಡುವಿನ ನೂರು ವರ್ಷಕ್ಕೆ ಈ ವಾದ ಎಷ್ಟು ಒಗ್ಗುತ್ತೆ ಅಂತ ನೀವೇ ಪರೀಕ್ಷೆ ಮಾಡ್ಬಹುದು, ಅದೇ ಒಳ್ಳೇ ಟಾಪಿಕ್.

ಹಾಗಾಗಿ ಥಿಯರಿ ಪುಸ್ತಕ ಗುಡ್ಡೆ ಹಾಕೋ ಮೊದ್ಲು ಇನ್ನೊಂದು ಭಾಷೆ ಹಿಡೀರಿ, ಧಾರವಾಡದಲ್ಲಿದ್ದೀರಿ, ಮರಾಠಿ ಕಲಿಯೋಕೆ ದೂರ ಹೋಗ್ಬೇಕಿಲ್ಲ. ಮರಾಠಿ ಪೇಪರ್‌ಗಳು ಬೆಳಗಾವಿ ಬಗ್ಗೆ ಬರೆದಿದ್ದನ್ನ ಕನ್ನಡ ಪೇಪರ್‌ಗಳ ಪಕ್ಕ ಇಟ್ಟು ಓದಿ, ಗೈಡ್ ಹತ್ರ ಆಮೇಲೆ ಹೋಗಿ.