ಎರಿ ಹೊಲದ ಬಿರುಕು, ಬಣ್ಣದ ಗಾಜಿನ ಗೆರೆ

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಹೋದ ತಿಂಗಳು ಈ ಪುಟದಲ್ಲಿ ಧಾರವಾಡದ ನಮ್ಮ ಮನೆಯ ಮೇಲಿನ ಖೋಲಿಯ ಕಿಟಕಿಯ ಬಗ್ಗೆ ಬರೆದಿದ್ದೆ. ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಕೂಡಿಸಿ, ಕುಸುಬಿ ಹೂವಿನ ಚಿತ್ರ ಮೂಡಿಸಿದ ಕಿಟಕಿ ಅದು. ಅದನ್ನು ಓದಿ ಬಂದ ಪತ್ರಗಳಿಗೆ ಈ ಸಲ ಉತ್ತರ.

*

“ಅಕ್ಕೋರೆ, ಕಾಲೇಜಿನಾಗ ದಿನಾ ಚಿತ್ರಾ ತಗೀತಿದ್ದೆ. ಈಗ ಇಬ್ಬರು ಮಕ್ಕಳು, ಆಫೀಸು, ಮನಿ. ಫೋನಿನಾಗ 11,000 ಫೋಟೋ ಅದಾವು, ಒಂದರಿಂದನೂ ಚಿತ್ರ ಹುಟ್ಟವಲ್ದು. ಮಲೆನಾಡಿನವರಿಗೆ ಕಾಡು ಐತಿ, ಕರಾವಳಿಯವರಿಗೆ ಕಡಲು ಐತಿ. ನಮ್ಮ ಕಡೆ ಏನೈತ್ರಿ? ಬರೇ ಧೂಳು. ಸ್ಫೂರ್ತಿ ಎಲ್ಲಿಂದ ತರ್ಲಿ?”
— ಓದುಗರು, ನವನಗರ, ಹುಬ್ಬಳ್ಳಿ

ತಂಗಿ, ‘ಬರೇ ಧೂಳು’ ಅನ್ನುವ ನಿಮ್ಮ ಮಾತು ಓದಿ ಅಣ್ಣಿಗೇರಿ ಕಡೆಯ ನಮ್ಮ ಅಣ್ಣನ ಹೊಲ ನೆನಪಾಯಿತು. ನನ್ನ ಕಿಟಕಿಯ ತೊಡಕು ಬಿಡಿಸಿದ್ದು ಆ ಹೊಲವೇ. ಅದೂ ಏಪ್ರಿಲ್ ಬಿಸಿಲಿನಲ್ಲಿ, ಒಂದು ಹಸಿರೆಲೆ ಇಲ್ಲದ ಹೊತ್ತಿನಲ್ಲಿ.

ತೊಡಕು ಏನೆಂದು ಹೇಳುತ್ತೇನೆ. ಫೆಬ್ರುವರಿಯಲ್ಲಿ ಅದೇ ಹೊಲದಲ್ಲಿ ಕುಸುಬಿ ಹೂ ಬಿಟ್ಟಾಗ ಫೋಟೋ ತೆಗೆದಿದ್ದೆ. ಕುಸುಬಿ ಎಲೆಯ ಅಂಚು ನಿಮಗೆ ಗೊತ್ತಲ್ಲ, ಮುಳ್ಳು, ಮುಳ್ಳಿನ ನಡುವೆ ಒಳಗೆ ಸರಿದ ಮೂಲೆ. ಇದ್ದದ್ದು ಇದ್ದ ಹಾಗೆ ಕಾಗದದ ಮೇಲೆ ಇಳಿಸಿ ಗಾಜು ಕತ್ತರಿಸಲು ಕೂತೆ. ಗಾಜನ್ನು ನಾವು ಬಟ್ಟೆಯಂತೆ ಕತ್ತರಿಸುವುದಿಲ್ಲ. ಕಟರಿನಿಂದ ಮೇಲ್ಮೈಗೆ ಒಂದು ಗೀರು ಎಳೆದು, ಆ ಗೀರಿನ ಗುಂಟ ಮುರಿಯುತ್ತೇವೆ. ಒಳಮುಖದ ಚೂಪು ಮೂಲೆ ಬಂದರೆ ಬಿರುಕು ಅಲ್ಲಿ ತಿರುಗುವುದಿಲ್ಲ, ನೆಟ್ಟಗೆ ಮುಂದಕ್ಕೆ ಹೋಗಿಬಿಡುತ್ತದೆ. ಆರು ಹಸಿರು ತುಂಡು ಹಾಗೇ ಸೀಳಿದವು. ಬೆಂಗಳೂರಿನಿಂದ ತರಿಸಿದ ಗಾಜು. ಅವತ್ತು ನಾನು ಅತ್ತಿದ್ದೆ. ಎರಡು ತಿಂಗಳು ಆ ಖೋಲಿಗೆ ಕಾಲಿಡಲಿಲ್ಲ.

ಏಪ್ರಿಲ್‌ನಲ್ಲಿ ಅಣ್ಣನ ಹೊಲಕ್ಕೆ ಹೋದಾಗ, ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆವು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಕುಗ್ಗಿ ಕುಗ್ಗಿ ಅಂಗೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಹುಟ್ಟಿದಾಗಿನಿಂದ ನೋಡಿದ ನೆಲ, ಆದರೆ ಅವತ್ತು ಮುರಿದ ಗಾಜಿನ ಕಣ್ಣಿನಿಂದ ನೋಡಿದೆ. ಮೊದಲು ಬಿಟ್ಟ ಬಿರುಕು ಉದ್ದಕ್ಕೆ ಹೋಗಿತ್ತು. ಆಮೇಲೆ ಹುಟ್ಟಿದ್ದು ಅಡ್ಡ ಬಂದು ಅದಕ್ಕೆ ಕೂಡಿ ನಿಂತಿತ್ತು. ಯಾವುದು ಹಿರಿದು, ಯಾವುದು ಕಿರಿದು ಅಂತ ಓದಬಹುದಿತ್ತು. ಮುಖ್ಯ ಮಾತೆಂದರೆ, ದೊಡ್ಡ ಬಿರುಕು ಯಾವುದೂ ಬಯಲ ನಡುವೆ ಸುಮ್ಮನೆ ಮುಗಿದಿರಲಿಲ್ಲ. ಇನ್ನೊಂದು ಬಿರುಕನ್ನು ಮುಟ್ಟಿಯೇ ನಿಂತಿತ್ತು.

ಸೀಸದ ಗೆರೆಯ ನೇಮವೂ ಅದೇ. ಗಾಜಿನಲ್ಲಿ ಗೆರೆ ಅರ್ಧಕ್ಕೆ ನಿಲ್ಲುವಂತಿಲ್ಲ, ಮತ್ತೊಂದು ಗೆರೆಯನ್ನೋ ಚೌಕಟ್ಟನ್ನೋ ಮುಟ್ಟಬೇಕು. ಮನೆಗೆ ಬಂದವಳೇ ಎಲೆಯ ಪ್ರತಿ ಒಳಮೂಲೆಯಿಂದ ಒಂದು ಗೆರೆಯನ್ನು ಎಲೆಯ ಆಚೆ ಅಂಚಿನವರೆಗೆ ಎಳೆದೆ. ಒಂದು ಎಲೆ ಐದು ತುಂಡಾಯಿತು, ಒಂದೂ ಒಡೆಯಲಿಲ್ಲ. ಕಪ್ಪು ಗೆರೆಗಳು ಚಾಚಿಕೊಂಡಿದ್ದಕ್ಕೆ ಎಲೆ ಮೊದಲಿಗಿಂತ ಹೆಚ್ಚು ಮುಳ್ಳುಮುಳ್ಳಾಗಿ ಕಂಡಿತು. ಆ ಕಿಟಕಿಯಲ್ಲಿ ಎಲ್ಲರೂ ಹೊಗಳುವುದು ಆ ಎಲೆಗಳನ್ನೇ.

ಅದಕ್ಕೇ ಹೇಳುತ್ತೇನೆ, ಸ್ಫೂರ್ತಿ ಕಾಡಿನಿಂದಲೋ ಕಡಲಿನಿಂದಲೋ ಬರುತ್ತದೆ ಅಂತ ಕಾಯಬೇಡಿ. ಕೈಯಲ್ಲಿ ಬಿಡಿಸಲಾಗದ ಕೆಲಸವೊಂದು ಇಟ್ಟುಕೊಳ್ಳಿ. ಆಗ ಹೊಲ, ಗೋಡೆ, ಬಸ್ ಸ್ಟ್ಯಾಂಡು ತಾವಾಗಿ ಉತ್ತರ ಕೊಡಲು ಶುರುಮಾಡುತ್ತವೆ. ನಿಮ್ಮ 11,000 ಫೋಟೋಗಳು ಮೂಕವಾಗಿರುವುದು ನೀವು ಅವುಗಳಿಗೆ ಏನೂ ಕೇಳದೇ ಇರುವುದರಿಂದ.

ಒಂದು ಕೆಲಸ ಕೊಡುತ್ತೇನೆ. ನವನಗರದಿಂದ ನೀವು ಚಿಗರಿ ಬಸ್ಸಿನಲ್ಲೇ ಓಡಾಡುತ್ತಿರಬಹುದು. ದಾರಿಯಲ್ಲಿ ಯಾವುದಾದರೂ ಒಂದೇ ವಸ್ತು ಆರಿಸಿ: ಒಂದು ಮರ, ಒಂದು ಗೋಡೆ, ಉಣಕಲ್ ಕೆರೆಯ ಒಂದು ಅಂಚು. ತಿಂಗಳೊಪ್ಪತ್ತು ಅದನ್ನೇ ತೆಗೆಯಿರಿ, ಬೇರೇನೂ ಬೇಡ. ಕೊನೆಗೆ ಐದು ಉಳಿಸಿ, ಉಳಿದವನ್ನು ಅಳಿಸಿ. ಐದರಲ್ಲಿ ಒಂದನ್ನು ಝೆರಾಕ್ಸ್ ಅಂಗಡಿಯಲ್ಲಿ ಎ-4 ಹಾಳೆಯ ಮೇಲೆ ಕಪ್ಪು-ಬಿಳುಪಿನಲ್ಲಿ ತೆಗೆಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಬರೇ 12 ಗೆರೆಯಲ್ಲಿ ಚಿತ್ರ ಮುಗಿಸಿ. ಹದಿಮೂರನೆಯದು ಬೇಕೆನಿಸಿದರೆ ಹಿಂದಿನದೊಂದನ್ನು ಅಳಿಸಬೇಕು. ಮಕ್ಕಳು ಮಲಗಿದ ಮೇಲೆ ಅರ್ಧ ತಾಸು ಸಾಕು.

12 ಗೆರೆ ಕಡಿಮೆಯಾಯಿತು ಅನ್ನಬೇಡಿ. ಮನೆಯ ಪೆಟ್ಟಿಗೆಯಲ್ಲಿ ಕಸೂತಿ ಹಾಕಿದ ಹಳೇ ಇಳಕಲ್ ಸೀರೆ ಇದ್ದರೆ ತೆಗೆದು ನೋಡಿ. ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ, ನಾಲ್ಕೇ ಹೊಲಿಗೆ. ಪೆನ್ಸಿಲ್ ಗುರುತಿಲ್ಲ, ಎಳೆ ಎಣಿಸಿ ಹಾಕಿದ್ದು. ನಮ್ಮ ಅಮ್ಮನ ಸೆರಗಿನ ಗಿಣಿಗೆ ಒಂದು ಗುಂಡನೆಯ ಗೆರೆಯೂ ಇಲ್ಲ, ಎಲ್ಲವೂ ನೆಟ್ಟನೆಯ, ಓರೆಯ ಗೆರೆ. ಆದರೂ ಅದು ಗಿಣಿಯೇ, ಕಾಗೆ ಅಂತ ಯಾರೂ ಅಂದಿಲ್ಲ. ಏನು ಬಿಡಬೇಕೆಂದು ಆ ಹೆಣ್ಣುಮಕ್ಕಳಿಗೆ ಗೊತ್ತಿತ್ತು.

ಇನ್ನು ‘ನಮ್ಮ ಕಡೆ ಏನೈತ್ರಿ’ ಅಂದಿರಲ್ಲ. ಫ್ರಾನ್ಸಿನ ವಾನ್ಸ್ ಅನ್ನುವ ಊರಿನಲ್ಲಿ ಚಿತ್ರಕಾರ ಮಾತಿಸ್ ರೂಪಿಸಿದ ಪ್ರಾರ್ಥನಾ ಮಂದಿರವಿದೆ, 1951ರಲ್ಲಿ ತೆರೆದದ್ದು. ಅದರ ಕಿಟಕಿಗಳಿಗೆ ಮೂರೇ ಬಣ್ಣ: ನೀಲಿ, ಹಸಿರು, ಹಳದಿ. ವಯಸ್ಸಾಗಿ ಕಾಯಿಲೆ ಬಿದ್ದಿದ್ದ ಆತ ಬಣ್ಣದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಆ ವಿನ್ಯಾಸ ಮಾಡಿದ. ‘ಜೀವನವೃಕ್ಷ’ ಎಂದು ಹೆಸರಾದ ಆ ಕಿಟಕಿಯಲ್ಲಿರುವ ಗಿಡ ಯಾವುದು ಗೊತ್ತೇನು? ಪಾಪಾಸಕಳ್ಳಿ. ನಮ್ಮ ಹೊಲದ ಬದುವಿನಲ್ಲಿ ದನ ಬರಬಾರದೆಂದು ಬೇಲಿಗೆ ಬಿಟ್ಟ ಅದೇ ಮುಳ್ಳುಗಳ್ಳಿ. ಇದು ತಿಳಿದ ದಿನ ನಾನು ನಮ್ಮ ಅಣ್ಣನಿಗೆ ಫೋನ್ ಮಾಡಿ, ಬದುವಿನ ಕಳ್ಳಿ ಕಡಿಸಬೇಡ ಅಂದೆ.

*

“ಬೆಟಗೇರಿಯಾಗ ಗ್ಲಾಸಿನ ಅಂಗಡಿಯಾಗ ಕೆಲಸ ಮಾಡ್ತೀನ್ರಿ. ಕಿಟಕಿ, ಶೋಕೇಸ್, ಕನ್ನಡಿ ಕಟ್ ಮಾಡೋದು ಬರ್ತದ. ನಿಮ್ಮಂಗ ಬಣ್ಣದ ಕಿಟಕಿ ಮಾಡಾಕ ಏನೇನು ಬೇಕು? ಅಂಗಡಿಯಾಗ ಸಿಗೋ ಗ್ಲಾಸ್ ಕಲರ್ ಹಚ್ಚಿದ್ರ ನಡೀತದೇನ್ರಿ?”
— ಓದುಗರು, ಬೆಟಗೇರಿ

ತಮ್ಮಾ, ನಿಮ್ಮ ಕೈಗೆ ಅರ್ಧ ವಿದ್ಯೆ ಆಗಲೇ ಬಂದಿದೆ. ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದುವುದು, ಒಂದೇ ಸಲ ಗೀರು ಎಳೆಯುವುದು, ಅದೇ ಗೀರಿನ ಮೇಲೆ ಎರಡನೇ ಸಲ ಹೋಗದಿರುವುದು, ಎಳೆದ ಕೂಡಲೇ ಮುರಿಯುವುದು, ಇವನ್ನೆಲ್ಲ ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ನಿಮಗೆ ಹೊಸದು ಬಾಗು ಗೆರೆ. ಒಳಬಾಗು ಬಂದಲ್ಲಿ ಒಂದೇ ಏಟಿಗೆ ತೆಗೆಯಬೇಡಿ. ಚಂದ್ರನ ಕಳೆಯಂತೆ ತೆಳುತೆಳುವಾಗಿ ಮೂರ್ನಾಲ್ಕು ಗೀರು ಹಾಕಿ, ಇಕ್ಕಳದಿಂದ ಒಂದೊಂದೇ ಕಳಚಿ.

ಬಣ್ಣ ಹಚ್ಚುವ ಮಾತಿಗೆ ಬಂದರೆ, ಅಭ್ಯಾಸಕ್ಕೆ ಹಚ್ಚಿ, ಕಿಟಕಿಗೆ ಬೇಡ. ಬಿಸಿಲಿಗೆ ಅದು ಮಾಸುತ್ತದೆ, ಸುಲಿಯುತ್ತದೆ. ಖರೇ ಬಣ್ಣದ ಗಾಜಿನಲ್ಲಿ ಬಣ್ಣ ಮೇಲೆ ಹಚ್ಚಿದ್ದಲ್ಲ, ಗಾಜು ಕರಗಿಸುವಾಗಲೇ ಒಳಗೆ ಬೆರೆತದ್ದು: ನೀಲಿಗೆ ಕೋಬಾಲ್ಟ್, ನೇರಳೆಗೆ ಮ್ಯಾಂಗನೀಸ್, ಹಸಿರಿಗೆ ಕಬ್ಬಿಣ ಇಲ್ಲವೇ ತಾಮ್ರ. ಗುಲಾಬಿಗೆಂಪಿಗೆ ಬಂಗಾರ ಕೂಡ ಬೀಳುತ್ತದೆ. ಯುರೋಪಿನ ಚರ್ಚುಗಳಲ್ಲಿ 800 ವರ್ಷದ ಹಿಂದಿನ ನೀಲಿ ಇನ್ನೂ ನೀಲಿಯಾಗೇ ಇರುವುದು ಇದರಿಂದ. ಮೈಸೂರು ಅರಮನೆಗೆ ಹೋದರೆ ಕಲ್ಯಾಣ ಮಂಟಪದಲ್ಲಿ ಕತ್ತೆತ್ತಿ ನವಿಲುಗಳನ್ನು ನೋಡಿ. ಗ್ಲಾಸ್ಗೋದಲ್ಲಿ ತಯಾರಾಗಿ ಬಂದ ಆ ಛಾವಣಿ ಶತಮಾನ ದಾಟಿದೆ.

ಮೊದಲ ಕೆಲಸಕ್ಕೆ ಸೀಸದ ಪಟ್ಟಿಗಿಂತ ತಾಮ್ರದ ಟೇಪು ಸುಲಭ. ಪ್ರತಿ ತುಂಡಿನ ಅಂಚಿಗೆ ಟೇಪು ಸುತ್ತಿ, ಬೆಸುಗೆ ಹಿಡಿಯಲೆಂದು ಫ್ಲಕ್ಸ್ ಹಚ್ಚಿ, ಬೆಸುಗೆ ಹಾಕುವುದು. ಅಮೆರಿಕದ ಗಾಜಿನ ಕಲಾವಿದ ಟಿಫನಿಯ ಹೂಬಳ್ಳಿ ದೀಪಗಳೆಲ್ಲ ಹಾಗೇ ಆದವು. ಮೊದಲು ಅಂಗೈಯಗಲದ ಒಂದು ಎಲೆ ಮಾಡಿ, ಐದಾರು ತುಂಡು ಸಾಕು.

ಒಂದು ಮಾತು ತಪ್ಪದೇ ಕೇಳಿ. ಸೀಸ ವಿಷ. ಬೆಸುಗೆಯಲ್ಲೂ ಸಾಮಾನ್ಯವಾಗಿ ಸೀಸ ಇರುತ್ತದೆ. ಅಡಿಗೆಮನೆಯಲ್ಲಿ ಈ ಕೆಲಸ ಬೇಡ, ಕೆಲಸದ ಜಾಗದಲ್ಲಿ ಚಹಾ, ಅವಲಕ್ಕಿ, ಗುಟ್ಕಾ ಯಾವುದೂ ಬೇಡ. ಕಿಟಕಿ ತೆರೆದಿರಲಿ. ಮುಗಿದ ಮೇಲೆ ಸಬಕಾರ ಹಚ್ಚಿ ಕೈ ತೊಳೆಯಿರಿ, ಅಂಗಿ ಬೇರೆ ಒಗೆಸಿ. ಮನೆಯಲ್ಲಿ ಸಣ್ಣ ಕೂಸು ಇದ್ದರೆ, ಬಸುರಿ ಹೆಣ್ಣುಮಗಳಿದ್ದರೆ ಮನೆಯಲ್ಲಿ ಮಾಡಲೇಬೇಡಿ, ಅಂಗಡಿಯಲ್ಲೇ ಮಾಡಿ.

ಕಿಟಕಿ ಯಾವ ದಿಕ್ಕಿಗೆ ಅಂತ ಮೊದಲೇ ನೋಡಿಕೊಳ್ಳಿ. ನಮ್ಮ ಬಿಸಿಲಿಗೆ ತೆಳು ಹಳದಿ ಮಧ್ಯಾಹ್ನ ಬೆಳ್ಳಗಾಗಿಬಿಡುತ್ತದೆ, ಗಾಢ ನೀಲಿ, ಗಾಢ ಕೆಂಪು ತಾಳುತ್ತವೆ. ಮೂಡಣ ಕಿಟಕಿಗಾದರೆ ತೆಳುಬಣ್ಣವೂ ಬದುಕುತ್ತದೆ. ಇನ್ನೊಂದು ಸಂಗತಿ, ಮೇ ಮೊದಲಿನಿಂದ ಆಗಸ್ಟ್ ನಡುವಿನವರೆಗೆ ನಮ್ಮ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ಬಡಗಣಕ್ಕೆ ಇರುತ್ತಾನೆ. ಉಳಿದ ತಿಂಗಳು ತೆಂಕಣಕ್ಕೆ. ನನ್ನದು ತೆಂಕಣ ಕಿಟಕಿ. ಡಿಸೆಂಬರ್‌ನಲ್ಲಿ ಕುಸುಬಿಯ ಬಣ್ಣ ಖೋಲಿಯ ಆಚೆ ಗೋಡೆವರೆಗೂ ಚೆಲ್ಲುತ್ತದೆ, ಜೂನ್‌ನಲ್ಲಿ ನೆಲ ಮುಟ್ಟುವುದಿಲ್ಲ.

*

“ನಮ್ಮ ಓಣಿಯ ಹಳೇ ವಾಡೆದ ಬಾಗಿಲ ಮ್ಯಾಲೆ ಕೆಂಪು, ಹಸಿರು ಗಾಜು ಅದಾವು. ಕಣ್ಣಿಗೆ ಚಂದ ಕಾಣ್ತಾವು, ಮೊಬೈಲಿನಾಗ ತಗದ್ರ ಬೆಳ್ಳಗ ಬರ್ತಾವು. ಯಾಕ?”
— ವಿದ್ಯಾರ್ಥಿನಿ, ಧಾರವಾಡ

ಫೋನು ಇಡೀ ಚೌಕಟ್ಟಿನ ಬೆಳಕನ್ನು ಅಳೆಯುತ್ತದೆ. ಒಳಗಿನ ಗೋಡೆ ಕತ್ತಲೆ, ಅದನ್ನು ಕಾಣಿಸಲು ಹೋಗಿ ಗಾಜನ್ನು ಸುಡುತ್ತದೆ. ಪರದೆಯ ಮೇಲೆ ಗಾಜು ಕಾಣುವಲ್ಲಿ ಬೆರಳಿಂದ ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆ. ಗೋಡೆ ಕಪ್ಪಾಗಲಿ ಬಿಡು, ಬಣ್ಣ ಎದ್ದು ಬರುತ್ತದೆ. ಮೋಡ ಕವಿದ ದಿನ ಇನ್ನೂ ಒಳ್ಳೆಯದು, ಎಲ್ಲ ಗಾಜಿಗೂ ಬೆಳಕು ಒಂದೇ ಸಮ ಬೀಳುತ್ತದೆ. ಧಾರವಾಡದ ಆಷಾಢಕ್ಕೆ ಮೋಡದ ಬರವೇನಿಲ್ಲ.

ಬಿಸಿಲಿದ್ದ ದಿನ ಗಾಜನ್ನು ಬಿಟ್ಟು ನೆಲ ನೋಡು. ಕಡಪಾ ಕಲ್ಲಿನ ಮೇಲೆ ಬಿದ್ದ ಕೆಂಪು ಚೌಕ, ಅದರಲ್ಲಿ ಅರ್ಧ ಮುಳುಗಿದ ಚಪ್ಪಲಿ, ಯಾರೋ ಒಣಗಲು ಇಟ್ಟ ಸೇವಿಗೆ. ನನಗೆ ಗಾಜಿಗಿಂತ ಆ ನೆಲವೇ ಹೆಚ್ಚು ಇಷ್ಟ.

ಕೈ ಕುದುರಬೇಕೆಂದರೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋಗು. ಚಾಲುಕ್ಯರ ಕಾಲದ್ದು. ಅದರ ಜಾಲಂಧ್ರಗಳ, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿಗಳ ಮುಂದೆ ನಿಂತರೆ ಕಲ್ಲು ಕಪ್ಪು, ತೂತು ಬಿಳುಪು, ನಡುವೆ ಏನೂ ಇಲ್ಲ. ಬಣ್ಣವಿಲ್ಲದ ಬೆಳಕನ್ನು ಹಿಡಿಯಲು ಕಲಿತವಳಿಗೆ ಬಣ್ಣದ್ದು ಕಷ್ಟವಾಗುವುದಿಲ್ಲ.

*

“ಫೋಟೋ ಕೆಳಗಿಟ್ಟು ಟ್ರೇಸ್ ಮಾಡಿದ್ರ ಅದು ಮೋಸ ಅಂತ ನಮ್ಮ ಗೆಳ್ಯಾ ಅಂತಾನ. ಹೌದೇನ್ರಿ?”
— ಒಂಬತ್ತನೇ ಇಯತ್ತೆ, ಬ್ಯಾಡಗಿ

ಬೇರೆಯವರ ಫೋಟೋ ಆದರೆ ಹೌದು. ನೀನೇ ತೆಗೆದದ್ದಾದರೆ ಇಲ್ಲ, ಆದರೆ ಪೂರಾ ಎಳೆಯಬೇಡ. ನಿಮ್ಮ ಊರಿನ ಪೇಟೆಯಲ್ಲಿ ಮೆಣಸಿನಕಾಯಿ ರಾಶಿ ಇರುತ್ತದಲ್ಲ, ಅದರ ಒಂದು ಫೋಟೋ ತೆಗೆ. ಟ್ರೇಸ್ ಮಾಡಿದರೆ ಸಾವಿರ ಕಾಯಿ ಎಳೆಯಬೇಕು, ಬೇಸತ್ತು ಬಿಡುತ್ತೀ. ಬದಲಿಗೆ ರಾಶಿಯಿಂದ ಕಡ್ಡಿ ತಳಿಯದೊಂದು, ಡಬ್ಬಿ ತಳಿಯದೊಂದು ಕಾಯಿ ತಂದು ಮುಂದೆ ಇಟ್ಟುಕೋ. ಸಿಪ್ಪೆಯ ಸುಕ್ಕು ಎಲ್ಲಿ ಹುಟ್ಟಿ ಎಲ್ಲಿ ಇನ್ನೊಂದಕ್ಕೆ ಕೂಡುತ್ತದೆ ನೋಡಿ, ಕಣ್ಣಿನಿಂದಲೇ ಎಳೆ. ಆಮೇಲೆ ಫೋಟೋದ ಜೊತೆ ಹೋಲಿಸು. ಎಲ್ಲಿ ತಪ್ಪಿತೋ ಅಲ್ಲಿ ಗುರುತು ಹಾಕಿ, ಎರಡೂ ಹಾಳೆಯನ್ನು ನನಗೆ ಕಳಿಸು.

*

“ರಾತ್ರಿ ನಿಮ್ಮ ಕಿಟಕಿ ಹೆಂಗ ಕಾಣ್ತದ್ರಿ?”
— ಓದುಗರು, ಹಾವೇರಿ

ಒಳಗಿನಿಂದ ಕಾಣುವುದೇ ಇಲ್ಲ. ಹೊರಗೆ ಬೆಳಕಿಲ್ಲದಾಗ ಗಾಜೆಲ್ಲ ಕಪ್ಪು, ನನಗೆ ಉಳಿಯುವುದು ಸೀಸದ ಗೆರೆ ಮಾತ್ರ. ಖೋಲಿಯಲ್ಲಿ ಲೈಟು ಹಚ್ಚಿದರೆ ಹೂ ಓಣಿಯವರಿಗೆ ಕಾಣುತ್ತದೆ. ಒಂದು ಸಂಜೆ ಮೈಯಲ್ಲಿ ಹುಷಾರಿರಲಿಲ್ಲ, ಬೇಗ ಆರಿಸಿ ಮಲಗಿದ್ದೆ. ಮರುದಿನ ಎದುರು ಮನೆಯ ಅಜ್ಜಿ ಕಟ್ಟೆಯ ಮೇಲಿಂದ ಕೇಳಿದರು, “ನಿನ್ನಿ ಹೂವು ಯಾಕ ಹಚ್ಚಲಿಲ್ಲವಾ?” ಆಗಿನಿಂದ ನಾನು ಆ ಖೋಲಿಯಲ್ಲಿ ಇರಲಿ, ಇರದಿರಲಿ, ಒಂಬತ್ತರವರೆಗೆ ಲೈಟು ಉರಿಯುತ್ತಿರುತ್ತದೆ.